ಕಂಪ್ಲಿ ಡೈರೆಕ್ಟರು ಕೇಳಿದ ಕ್ಷಮೆ

ಟಿವಿ ಬಂದ್ ಮಾಡ್ಲೇನು? ಬ್ಯಾಡಾ? ಇರ್ಲಿ ಬಿಡು, ಓಡ್ಲಿ... ನೀ ಏನರ ಅನ್ನು ಶಿಲ್ಪಾ! ಆ ಶಿಫ್ಟ್ ಇನ್‌ಚಾರ್ಜ್ ಈಶ್ವರನ ಮ್ಯಾಲ ಕಂಪನಿ ಕಮಿಟಿ ಮುಂದ ಹೇಳಿಕಿ ಕೊಟ್ಟು, ವಡ್ಡಿನ ಗಣಿಯಿಂದ ಬಸ್ಸಿನ್ಯಾಗ ಕೆಂಪು ಧೂಳ ಕುಡಕಂತ ಬಂದೀ. ಮಗಳನ್ನ ಒಂದೀಟು ನಗಸಾಣಂತ ನಿನ್ನಿಷ್ಟದ ಹಳೇ ಸೀರಿಯಲ್ ಟಿವಿಗೆ ಹಚ್ಚಿದ್ರ... ಹಿಂಗ್ಯಾಕ ನೋಡ್ತಿ? ಕಮಿಟಿ ಮಾತು ಆಮ್ಯಾಲ. ಮೊದ್ಲು ಚಾ ಕುಡಿ.

ಥೂ! ನೋಡು, ನೋಡು ಅದನ್ನ! ಚಾ ಕೊಡೋ ಹುಡುಗಿ ಪಾರ್ಟಿನ ಕಾವ್ಯ ಬಗ್ತಾಳ, ಹೋಟೆಲ್ ಮಾಲಕ ಆಕಿ ಕೈ ಹಿಡೀತಾನ, ಆಕಿ ಸಟಕ್ಕನ ಎಳಕಂತಾಳ... ಮ್ಯಾಲ ಆ ಹಿಹಿಹಿ ನಗಿ ಬ್ಯಾರೆ ಸೇರ್ಸ್ಯಾರ. ಇದಕ್ಕ ಹೊಟ್ಟಿ ಹಿಡ್ಕಂಡು ನಗ್ತಿದ್ವಲ್ಲಲೇ ನಾವು! ನೀನಾಗ ಎಂಟ್ನೇ ಕ್ಲಾಸು. ನಾನು ರೊಟ್ಟಿ ಬಡಿಯೋದು ಬಿಟ್ಟು ಬಂದು ಕುಂದ್ರತಿದ್ದೆ. ಚಿತ್ತವಾಡ್ಗಿ ಓಣಿಗೋಣಿಯೇ 'ಹಿತ್ತಲಬಾಗ್ಲ ಹೋಟೆಲ್' ನೋಡ್ತಿತ್ತು. ಬರದವ್ನು, ತಗದವ್ನು, ಮಾಲಕನ ಪಾರ್ಟು ಮಾಡಿದವ್ನು ಎಲ್ಲಾ ಅವ್ನೇ, ಆ ಜಂಬುನಾಥ. ನಮ್ಮ ಕಂಪ್ಲಿ ಹುಡುಗ ಅಂತ ಉಬ್ಬಿದ್ದೇ ಉಬ್ಬಿದ್ದು! ಹೊಲಸು ಮೂಳ.

ಅರ್ಧಕ್ಕ ಕಾವ್ಯ ಕಾಣಸಲೇ ಇಲ್ಲ, ನೆಪ್ಪೈತಾ? ಅಕ್ಕನ ಬಾಣಂತನಕ್ಕ ಚೋರನೂರಿಗೆ ಹೋಗ್ಯಾಳ ಅಂತ ಒಂದೇ ಮಾತಿನ್ಯಾಗ ಮುಗಿಸಿಬಿಟ್ಟ. ನಾವು ಅದನ್ನೂ ಚಾಷ್ಟಿ ಮಾಡ್ತಿದ್ವಿ. ಮನ್ಯಾಗ ಚಮಚ ಕಳದ್ರೂ 'ಚೋರನೂರಿಗೆ ಹೋಗೈತಿ' ಅಂತಿದ್ದಿ ನೀನು... ಈಗ ಆಕಿನೇ ಬಾಯಿಬಿಟ್ಟು ಹೇಳಿದ ಮ್ಯಾಲ ಗೊತ್ತಾತಲ್ಲ. ಡೈಲಾಗ್ ಹೇಳಿಕೊಡ್ತೀನಿ, ರೂಮಿಗೆ ಬಾ ಅಂದ್ನಂತ. ಆಕಿ ಹೋಗಲಿಲ್ಲ. ಪಾರ್ಟೇ ಕಿತ್ತು ಹಾಕಿದ. ಹತ್ತು ವರ್ಷ ಅದನ್ನ ನುಂಗಿಕೊಂಡು ಕುಂತಿದ್ಲು, ಪಾಪ.

ಈಗ ವಿಡಿಯೋ ಬಿಟ್ಟಾನ. ನೋಡಿದ್ಯಾ ಮಾರಿ? 'ನನ್ನಿಂದ ಯಾರಿಗಾದರೂ ಬೇಜಾರಾಗಿದ್ದರೆ ಕ್ಷಮೆ ಇರಲಿ.' ಆಗಿದ್ದರೆ! ಆಗಿದ್ದರೆ ಅಂತ! ಮಾಡಿದ್ದೇನು ಅಂತ ಬಾಯಿ ಬಿಡಲಿಲ್ಲ, ಆಕಿ ಹೆಸ್ರು ಎತ್ತಲಿಲ್ಲ. ಬಾಜೂಕ ಹೆಂಡ್ತಿನ್ನ ಕುಂದ್ರಿಸ್ಕಂಡಾನ ಬ್ಯಾರೆ. ಮಾಡೋದೆಲ್ಲಾ ಅನಾಚಾರ, ಮನಿ ಮುಂದ ಬೃಂದಾವನ! ಕೆಳಗ ಮಂದಿ ಬರದಾರ, ಕೇಳ್ಯಾನಲ್ಲ ಕ್ಷಮೆ, ದೊಡ್ಡ ಮನ್ಸು ಮಾಡ್ರಿ ಅಂತ. ಇವ್ರಪ್ಪನ ಗಂಟೇನು ಹೋಗ್ತತಿ? ಕ್ಷಮಿಸೋದು, ಬಿಡೋದು ಆಕಿಗೆ ಬಿಟ್ಟಿದ್ದು. ನಡುವ ಇವ್ರ್ಯಾರು?

...ಯಾಕ ನಗ್ತಿ? ನಾ ಏನಂದೆ ಈಗ?

ಅದೇನು ನಗಿನೋ, ಕಣ್ಣಾಗ ನೀರು ಬರಂಗ. ಫೋನ್ ಯಾಕ ಹಿಡೀತಿ ನನ್ನ ಮುಂದ? ಕನ್ನಡಕ ಇಲ್ಲ, ತಗಿ ಅತ್ಲಾಗ... ಯಾರದು ಫೋಟೋ?

ಹಾಂ. ನಾನೇ.

ಕಮಿಟಿಯವ್ರು ತೋರ್ಸಿದ್ರಾ? ಈಶ್ವರ ಕೊಟ್ನಾ ಅವ್ರಿಗೆ? ಹುಡುಗಿ ಅವ್ವ ನಮ್ಮ ಕೈಲೇ ಉಡಿ ತುಂಬಿಸ್ಕಂಡಾಳ, ರಾಜಿ ಆಗೈತಿ ಅಂತನಾ?... ಅಯ್ಯೋ ಶಿವನೇ. ಲಾರಿ ತೂಗೋ ರೂಮಿನ್ಯಾಗ ನಿನ್ನ ಮೈ ಮುಟ್ಟಿದ ಕೈಲೇ ಹೊಡದಾನಲ್ಲ ಇದನ್ನ, ನಾಯಿ!

ಕೇಳು, ಕೇಳಿಲ್ಲಿ. ಅವ್ನ ಹೆಂಡ್ತಿ ಚಂದ್ರಕಲಾ ನಮ್ಮ ಬಾಗ್ಲಾಗ ನಿಂತಿದ್ಲು. ಕೈಯಾಗ ಅಕ್ಕಿ, ಕೊಬ್ರಿಬಟ್ಲ, ಕುಬಸದ ಖಣ. 'ಅನುಸೂಯಕ್ಕ, ಉಡಿ ತುಂಬತೀನಿ' ಅಂದ್ಲು. ಮುತ್ತೈದಿ ಉಡಿ ತುಂಬಾಕ ಬಂದ್ರ ಬ್ಯಾಡ ಅಂತಾರಾ? ಸೆರಗು ತಾನಾಗೇ ಮುಂದಕ ಹೋತು. ಕೈಗೆ ರೂಢಿ ಅದು. ಉಡಿ ತುಂಬಿಸ್ಕಂಡ ಮ್ಯಾಲ ಜಗಳ ಇಲ್ಲ ಅಂತಾರ, ಖರೇ... ಆದ್ರ ಕಂಪನಿ ಕಾಗದದಾಗೂ ಅದು ನಡೀತತಿ ಅಂತ ನನಗೇನು ಗೊತ್ತು? ಫೋನ್ ಹಿಡದು ಇತ್ಲಾಗ ನೋಡ್ರಿ ಅಂದ ಈಶ್ವರ. ನಾ ನೋಡಿದೆ. ಅಷ್ಟೇ!

ಮುಚ್ಚಿಬಿಟ್ರಾ ಕೇಸು?... ಮುಚ್ಚಿದ್ರು. ಬಾ, ಏಳು, ಈಗಲೇ ಹೋಗಾಣ. ಗೊತ್ತಿಲ್ದ ಆತು ಅಂತ ನಾನೇ ಬರಕೊಡ್ತೀನಿ... ತಲಿ ಯಾಕ ಅಲ್ಲಾಡಸ್ತಿ? ಗೊತ್ತಿಲ್ದನ ಆಗಿದ್ದಲೇ! ಅಚಾನಕ್ ಬಂದ್ರು ಅವ್ರು. ಅವತ್ತು ನೀನು ಮನ್ಯಾಗ ಇರಲಿಲ್ಲ, ಅದಕ್ಕ...

ಹಂಗ ನೋಡಬ್ಯಾಡ.

ಬೈಯಿ. ಒದರು. ಆ ಲೋಟ ಒಗಿ ನನ್ನ ಮ್ಯಾಲ. ಹಿಂಗ ಮಾತಿಲ್ದ ಕುಂದ್ರಬ್ಯಾಡ ತಾಯಿ, ನನ್ನ ಕೈಲೇ ಆಗವಲ್ದು.

ಆತು... ಆತು. ಫೋನ್ ಬಂದಿತ್ತು. ಅವ್ರು ಬರೋ ಎರಡು ದಿನ ಮೊದ್ಲೇ. ಕೇಸು ಗೀಸು ಅಂತ ಹೆಸ್ರು ಓಡಾಡಿದ್ರ ನಾಳೆ ನಿನ್ನ ನೋಡಾಕ ಯಾರು ಬರ್ತಾರ ಅಂತ ಹೆದ್ರಿದ್ದೆ ನಾನು. ಯಾವಾಗ ಬರ್ಲಿ ಅಕ್ಕ ಅಂತ ಚಂದ್ರಕಲಾ ಕೇಳಿದ್ಲು.

ಗುರುವಾರ ಮುಂಜಾನಿ ಬರ್ರಿ, ಮಗಳು ಫಸ್ಟ್ ಶಿಫ್ಟಿಗೆ ಹೋಗಿರ್ತಾಳ ಅಂತ... ನಾನೇ ಹೇಳಿದೆ.