ಕಂಪ್ಯೂಟರಿಗೆ ಹೊದಿಸಿದ ಕಸೂತಿ

ಓಶ್ ಪೇಟೆಯಲ್ಲಿ ವ್ಯಾನು ಎಂದಿನಂತೆ ತಡ. ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು.

"ಬುರುಲಕ್ಕ, ನೀವು ಫೋನಲ್ಲಿ ಹೇಳಿದ್ದೇ ಸರಿ. ಗ್ರಾಫಿಕ್ಸ್ ಕಾರ್ಡು ಕೆಟ್ಟಿರಲಿಲ್ಲ. ಬಿಸಿಯಾಗಿ ಪರದೆ ಕಪ್ಪಾಗ್ತಿತ್ತು."

"ಹೊಸ ಕಂಪ್ಯೂಟರು ಕಣೆ. ಗಾಳಿಗೆ ಏನು ಅಡ್ಡ ಇತ್ತು?"

"ಅತ್ತೆಯ ಕಸೂತಿ ಬಟ್ಟೆ. ದೃಷ್ಟಿ ತಾಗಬಾರದು ಅಂತ ಕಂಪ್ಯೂಟರ್ ಪೆಟ್ಟಿಗೆಗೆ ಪೂರ್ತಿ ಹೊದಿಸಿದ್ರು."

"ತೆಗೆದ್ಯಾ? ಮುನಿಸ್ಕೊಂಡಿರ್ತಾರೆ."

"ನಾನು ಮುಟ್ಟಲಿಲ್ಲ. ಅವರ ಕೈ ಹಿಡಿದು ಪೆಟ್ಟಿಗೆ ಮೇಲೆ ಇಟ್ಟೆ. 'ಅಯ್ಯೋ, ಇದಕ್ಕೆ ಜ್ವರ' ಅಂತ ಅವರೇ ಎಳೆದು ತೆಗೆದ್ರು."

"ಜಾಣೆ."

"ಕಂಪ್ಯೂಟರಲ್ಲಿ ಕಂಬಳಿ ಚಿತ್ತಾರ ಬಿಡಿಸೋ ನನ್ನ ಕೆಲಸ ಉಳೀತು, ನಿಮ್ಮಿಂದ. ಅತ್ತೆ ಆ ಬಟ್ಟೆ ನಿಮಗೆ ಕಳಿಸಿದಾರೆ. ಇಷ್ಟೆಲ್ಲ ತಿಳಿದವರು ನೀವು, ದೃಷ್ಟಿ ತಾಗೋದಾದ್ರೆ ನಿಮಗೇ ಮೊದಲು ತಾಗೋದಂತೆ."

ವ್ಯಾನು ಬಂತು. ಬುರುಲಕ್ಕ ಬಟ್ಟೆಯನ್ನು ತಲೆತುಂಬ ಹೊದ್ದುಕೊಂಡೇ ಹತ್ತಿದರು.