ಕಂಪನಿಗೆ ಬೇಕಾದವನು

ಹೊಸಪೇಟೆ ನಿಲ್ದಾಣದಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ಅಕ್ಕನ ಮಡಿಲಲ್ಲಿ ಬುತ್ತಿಗಂಟು. ಜೈಲಿನಲ್ಲಿರುವ ಅವಳ ಮಗನನ್ನು ನೋಡಲು ಇಬ್ಬರೂ ಬಳ್ಳಾರಿಗೆ ಹೊರಟಿದ್ದರು.

“ಯಕ್ಕಾ, ಜೈಲುಗಳ್ನ ಕಂಪನಿಗೆ ಕೊಡಬೇಕಂತ ಟೀವ್ಯಾಗ ವಾದ ಮಾಡಾಕತ್ತಿದ್ರು.”

“ಕೊಡ್ಲಿ ಬಿಡು. ನಮ್ಮ ಗಾಳೆಪ್ಪಗ ಸಾರಿನಾಗ ನಾಕು ಬ್ಯಾಳಿಯಾದ್ರೂ ಸಿಕ್ಕಾವು.”

“ನಾ ಸಂಡೂರಾಗ ಗಣಿ ಕಂಪನಿ ಲಾರಿ ಹೊಡಿಯಾಂವ. ಒಂದು ಲಾರಿ ಖಾಲಿ ನಿಂತ್ರ ಸಾಹೇಬ್ರು ಕುಣಿದಾಡ್ತಾರ. ಜೈಲಿನ ಖೋಲಿ ಖಾಲಿ ಬಿದ್ರ ಸುಮ್ನ ಇರ್ತಾರೇನು?”

“ಈಗ ಸರ್ಕಾರ ಬಿಡಾಕತ್ತೈತೇನು? ಪಂಪ್‌ಸೆಟ್ ಕೇಬಲ್ ಕದ್ದಿದ್ದಕ್ಕ ಒಳಗ ಹಾಕಿ ಮತ್ತೊಂದು ಉಗಾದಿ ಬಂತು, ಕೇಸು ಇನ್ನೂ ಶುರುನ ಆಗ್ಲಿಲ್ಲ.”

“ಸರ್ಕಾರ ಅಂವನ್ನ ಮರತೈತಿ, ಅಷ್ಟ. ಕಂಪನಿಗೆ ಅಂವ ಬೇಕಾಗ್ತಾನ. ಬೇಕಾದಾಂವನ್ನ ಯಾರು ಬಿಡ್ತಾರ?”

ಅಕ್ಕ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು.

“ಯಾರಿಗರ ಬೇಕಾಗ್ಲಿ ಬಿಡೋ ತಮ್ಮ. ನನಗ ಬ್ಯಾಡಾಗಿದ್ದ. ನಾಕು ದಿನ ಒಳಗಿದ್ರ ಬುದ್ಧಿ ಬರತೈತಂತ, ಕೈ ಹಿಡಿದು ಠಾಣೆಗೆ ಕರ್ಕೊಂಡು ಹೋದಾಕಿ ನಾನ.”

“ಅವಾಗ ನಾನೂ ಹೂಂ ಅಂದಿದ್ದೆ.”

ಬಳ್ಳಾರಿ ಬಸ್ಸು ಬಂತು. ತಮ್ಮ ಗಂಟನ್ನು ಎತ್ತಿಕೊಂಡ.

“ರೊಟ್ಟಿ ಯಾಕ ಮಾಡ್ಕೊಂಡು ಬಂದಿ? ಹೋದ ಸಲ ಒಳಗ ಬಿಡ್ಲಿಲ್ಲಲ್ಲ.”

“ಈ ಸಲನೂ ಬಿಡಂಗಿಲ್ಲ.” ಅವನ ಕೈಯಿಂದ ಗಂಟನ್ನು ಇಸಿದುಕೊಂಡು ಅವಳು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು. “ಆದ್ರ ಏನ್ ತಂದಿಯವ್ವಾ ಅಂತ ಅಂವ ಮೊದಲ ಅದನ್ನ ಕೇಳ್ತಾನ. ಬರಿಗೈಲೆ ಬಂದೀನಿ ಅಂತ ಹ್ಯಾಂಗ ಹೇಳ್ಲಿ?”