ಭೂಮಿ ಹುಣ್ಣಿಮೆಗೆ ಅರ್ಧ ಡಬ್ಬಿ ಬೆಲ್ಲ

ಭೂಮಿ ಹುಣ್ಣಿಮೆಯ ಹಿಂದಿನ ದಿನ ಕೋಣಂದೂರಿನ ದಿನಸಿ ಅಂಗಡಿಗೆ ಅವಸರದಲ್ಲಿ ಬಂದಿದ್ದ ಶಿಲ್ಪಶ್ರೀಗೆ ಮುಂದೆ ನಿಂತಿದ್ದ ಅತ್ತೆ ಸೊಸೆಯರ ಮಾತು ಕೇಳುತ್ತ ಅವಸರವೇ ಮರೆತುಹೋಯಿತು. ಸೊಸೆ ಬಸುರಿ. ಅತ್ತೆಯ ಕೈಯಲ್ಲಿ ಜೋನಿ ಬೆಲ್ಲದ ಖಾಲಿ ಡಬ್ಬಿ.

"ಅರ್ಧ ಡಬ್ಬಿ ಸಾಕು ಅತ್ತೆ. ನಿನ್ನೆ ಕಡುಬು ಎಷ್ಟು ಚೆನ್ನಾಗಿತ್ತು!"

"ಅದು ನಿಂಗೆ ಅಂತ ಮಾಡಿದ್ದು ಮಾರಾಯ್ತಿ. ಶುಗರ್ ಜಾಸ್ತಿ ಇದೆ, ಬೆಲ್ಲ ಕಮ್ಮಿ ಮಾಡಿ ಅಂದ್ರಲ್ಲ ಡಾಕ್ಟ್ರು."

"ಸೌತೆಕಾಯಿ ಜಾಸ್ತಿ ತುರಿದು ಅರಿಶಿನದೆಲೆಲಿ ಬೇಯ್ಸಿದ್ವಲ್ಲ, ಆ ಘಮಕ್ಕೆ ಬೆಲ್ಲ ಕಮ್ಮಿ ಅಂತ ಗೊತ್ತೇ ಆಗ್ಲಿಲ್ಲ. ಮಾವ ಮತ್ತೆ ಮತ್ತೆ ಹಾಕಿಸ್ಕೊಂಡ್ರು!"

"ನಿನ್ನ ಮಾವ ಬಿಡು, ಕೊಟ್ಟಿದ್ದೆಲ್ಲ ತಿಂತಾರೆ. ಗದ್ದೇಲಿ ಎಡೆ ಇಡೋದು ಹಾಗಲ್ಲ. ಭತ್ತ ಹೊಡೆ ತುಂಬ್ಕೊಂಡು ಭೂಮಿತಾಯಿ ಬಸುರಿ ಆಗಿದ್ದಾಳೆ. ಅವಳ ಬಯಕೆ ಊಟ ಅದು. ಬಸುರಿಗೆ ಯಾರಾದ್ರೂ ಬೆಲ್ಲ ಕಮ್ಮಿ ಮಾಡಿ ಬಡಿಸ್ತಾರಾ?"

"ನಂಗೆ ಬಡಿಸಿದ್ರಲ್ಲ!"

ಶಿಲ್ಪಶ್ರೀ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆ ಸೊಸೆಯ ಮುಖವನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿದಳು.

"ಎಷ್ಟು ಹಾಕ್ಲಿ ಕನ್ನಮ್ಮ?" ಅಂಗಡಿಯವನು ಅತ್ತೆಯನ್ನು ಕೇಳಿದ.

"ಅರ್ಧ ಹಾಕಪ್ಪ."

"ನಿಜವಾಗ್ಲೂ ಅತ್ತೆ? ಎಡೆಗೂ ನಮ್ಮ ಕಡುಬೇನಾ?"

"ಹೂಂ. ಆದ್ರೆ ಎಡೆ ನೀನೇ ಇಡ್ಬೇಕು. ಬೆಲ್ಲ ಯಾಕೆ ಕಮ್ಮಿ ಅಂತ ಭೂಮಿತಾಯಿಗೆ ನೀನೇ ಹೇಳು."

"ನಾನು ಹೇಳಿದ್ರೆ ಕೇಳ್ತಾಳಾ?"

ಅತ್ತೆ ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಸೊಸೆಯ ಕೈ ಹಿಡಿದು ಮೆಟ್ಟಿಲಿಳಿದಳು.

"ಕೇಳ್ದೆ ಏನು? ಬಸುರಿ ಕಷ್ಟ ಬಸುರಿಗೆ ಗೊತ್ತಾಗಲ್ವೇನೇ?"